ಮಗಳ ಗ್ಲಾಕೋಮಾ ಹನಿ: ಬಾಟಲಿಯೋ, ವಯಲ್ಲೋ?

ನನ್ನ ಆಯ್ಕೆ ಪ್ರಿಸರ್ವೇಟಿವ್ ಇಲ್ಲದ, ಒಂದೇ ಸಲ ಬಳಸಿ ಎಸೆಯುವ ಪುಟ್ಟ ವಯಲ್. ಬೆಲೆ ಜಾಸ್ತಿ. ಆದರೂ ಅದೇ.

ಮಗಳಿಗೆ ಹುಟ್ಟಿನಿಂದಲೇ ಗ್ಲಾಕೋಮಾ, ಅಂದರೆ ಕಣ್ಣಿನೊಳಗಿನ ಒತ್ತಡ ಏರಿ ದೃಷ್ಟಿಯ ನರ ಹಾಳಾಗುವ ಕಾಯಿಲೆ. ಆಪರೇಷನ್ ಆದ ಮೇಲೂ ಒತ್ತಡ ಇಳಿಸುವ ಹನಿಗಳಾದ ಟಿಮೊಲಾಲ್, ಡಾರ್ಜೊಲಮೈಡ್ ಎರಡೂ ಬೇಕಾದವು. ಮೊದಲು ಮಾಮೂಲಿ ಬಾಟಲಿಗಳನ್ನೇ ಬಳಸಿದೆವು. ಒತ್ತಡ ಚೆನ್ನಾಗಿ ಇಳಿಯಿತು.

ಆದರೆ ಕಣ್ಣು ಸದಾ ಕೆಂಪು, ಸದಾ ನೀರು. ಕಿಟಕಿ ತೆರೆದರೆ ಮುಖ ಮುಚ್ಚಿಕೊಳ್ಳುತ್ತಿದ್ದಳು. ಚಿಕ್ಕ ಮಕ್ಕಳಿಗೆ ಕಣ್ಣಿನ ಒತ್ತಡ ಏರಿದಾಗಲೂ ಹೀಗೇ ಆಗುತ್ತದೆ ಅಲ್ವಾ? ನಮ್ಮ ಎದೆ ಧಸಕ್ಕೆಂದಿತು. ಅಳೆದು ನೋಡಿದರೆ ಒತ್ತಡ ಸರಿಯಾಗಿಯೇ ಇತ್ತು. ಆಗ ಡಾಕ್ಟರು ಫ್ಲೋರೆಸಿನ್ ಬಣ್ಣ ಹಾಕಿ ನೀಲಿ ಬೆಳಕಲ್ಲಿ ನೋಡಿದರು. ಕಾರ್ನಿಯಾ (ಕಣ್ಣಿನ ಮುಂಭಾಗದ ಪಾರದರ್ಶಕ ಪದರ) ತುಂಬ ರಾಗಿ ಚೆಲ್ಲಿದ ಹಾಗೆ ಹಸಿರು ಚುಕ್ಕಿ. ಮೇಲ್ಪದರ ಸವೆದ ಕಡೆಯೆಲ್ಲ ಆ ಬಣ್ಣ ಹಿಡಿಯುತ್ತದಂತೆ.

ಇದಕ್ಕೆ ಕಾರಣ ಬೆಂಜಾಲ್ಕೋನಿಯಂ ಕ್ಲೋರೈಡ್. ತೆರೆದ ಬಾಟಲಿಯಲ್ಲಿ ಕ್ರಿಮಿ ಬೆಳೆಯದಿರಲಿ ಅಂತ ಹಾಕುವ ಪ್ರಿಸರ್ವೇಟಿವ್ ಇದು. ಸಾಬೂನಿನಂತೆ ಜಿಡ್ಡು ಒಡೆಯುವ ಗುಣ ಇದಕ್ಕಿದೆ. ಕಣ್ಣೀರಿನ ತೆಳು ಪದರ ಚದುರಿಹೋಗುತ್ತದೆ, ಕಾರ್ನಿಯಾದ ಜೀವಕೋಶಗಳಿಗೂ ಪೆಟ್ಟು. ಟಿಮೊಲಾಲ್ ದಿನಕ್ಕೆ 2 ಸಲ, ಡಾರ್ಜೊಲಮೈಡ್ 3 ಸಲ. ಅಂದರೆ 5 ಸಲವೂ ಅದೇ ವಸ್ತು ಕಣ್ಣಿಗೆ ಬೀಳುತ್ತಿತ್ತು. ಮಗುವಿಗೆ ಇದು ವರ್ಷಗಟ್ಟಲೆ ಹಾಕಬೇಕಾದ ಔಷಧಿ ಬೇರೆ.

ಆಮೇಲೆ ಡಾಕ್ಟರು ಬರೆದುಕೊಟ್ಟ ವಯಲ್‌ನಲ್ಲಿ ಎರಡೂ ಔಷಧಿ ಒಟ್ಟಿಗೇ ಇವೆ. ಬೆಳಿಗ್ಗೆ ಒಂದು, ರಾತ್ರಿ ಒಂದು, ಅಷ್ಟೇ. ಮುಂದಿನ ತಪಾಸಣೆಯಲ್ಲಿ ಚುಕ್ಕಿಗಳು ಬಹಳ ಕಡಿಮೆಯಾಗಿದ್ದವು. ಮಗಳು ಮತ್ತೆ ಅಂಗಳದಲ್ಲಿ ಆಡಲು ಶುರು ಮಾಡಿದಳು. ಹಾಕಿದ ತಕ್ಷಣದ ಉರಿ ಮಾತ್ರ ಪೂರ್ತಿ ಹೋಗಿಲ್ಲ. ಅದು ಡಾರ್ಜೊಲಮೈಡ್‌ನದೇ ಗುಣ, ಬಾಯಿ ಕಹಿಯಾಗುವುದೂ ಅದರಿಂದಲೇ. ಹನಿ ಹಾಕಿದ ಮೇಲೆ ಕಣ್ಣಿನ ಒಳಮೂಲೆಯನ್ನು ಒಂದೆರಡು ನಿಮಿಷ ಮೆಲ್ಲಗೆ ಒತ್ತಿ ಹಿಡಿಯುತ್ತೇವೆ. ಕಹಿ ಕಡಿಮೆ, ಟಿಮೊಲಾಲ್ ರಕ್ತಕ್ಕೆ ಸೇರುವುದೂ ಕಡಿಮೆ. ಉಬ್ಬಸ ಇರುವ ಮಕ್ಕಳಿಗೆ ಟಿಮೊಲಾಲೇ ಆಗುವುದಿಲ್ಲ, ಅದನ್ನು ಡಾಕ್ಟರಿಗೆ ಮೊದಲೇ ಹೇಳಿ.

ಪ್ರಿಸರ್ವೇಟಿವ್ ಇಲ್ಲದ, ವಾಲ್ವ್ ಇರುವ ದೊಡ್ಡ ಬಾಟಲಿಯನ್ನೂ ನೋಡಿದೆವು. ಕಾರ್ನಿಯಾಕ್ಕೆ ಅದೂ ಒಳ್ಳೆಯದೇ. ಆದರೆ ಹಿಂಡಲು ಗಟ್ಟಿ. ಬೆಳಿಗ್ಗೆ ನಾನು ಕೆಲಸಕ್ಕೆ ಹೊರಟ ಮೇಲೆ ಹನಿ ಹಾಕುವವರು ನಮ್ಮ ಅತ್ತೆ. ಕೊಸರಾಡುವ ಮಗುವನ್ನು ತೊಡೆ ಮೇಲೆ ಮಲಗಿಸಿಕೊಂಡು ಅದನ್ನು ಹಿಂಡಲು ಅವರ ಬೆರಳಿಗೆ ಶಕ್ತಿ ಸಾಲುವುದಿಲ್ಲ.

ವಯಲ್ ಖರ್ಚು ಆಗದಿದ್ದರೆ, ಎರಡೂ ಔಷಧಿ ಸೇರಿದ ಮಾಮೂಲಿ ಬಾಟಲಿ ಆಗುತ್ತದಾ ಅಂತ ಕೇಳಿ. ಪ್ರಿಸರ್ವೇಟಿವ್ ಅಷ್ಟಾದರೂ ತಗ್ಗುತ್ತದೆ. ಕಣ್ಣು ಕೆಂಪಾಯಿತೆಂದು ಸುಮ್ನೆ ನೀವೇ ಹನಿ ನಿಲ್ಲಿಸಬೇಡಿ. ಒತ್ತಡ ಏರಿ ನರ ಹಾಳಾದರೆ ಹೋದ ದೃಷ್ಟಿ ವಾಪಸ್ ಬರುವುದಿಲ್ಲ. ಒತ್ತಡದ ಜೊತೆ ಕಾರ್ನಿಯಾವನ್ನೂ ಬಣ್ಣ ಹಾಕಿ ನೋಡಿ ಅಂತ ಡಾಕ್ಟರಿಗೆ ಹೇಳಿ.