ಆರ್‌ಎಆರ್ ಫೈಲನ್ನು ಜಿಪ್ ಮಾಡಲು ನಾಲ್ಕು ದಾರಿ: ಯಾವುದರಲ್ಲಿ ಏನು ತೊಡಕು

ಆರ್‌ಎಆರ್, ಜಿಪ್ ಎರಡೂ ಹಲವು ಫೈಲುಗಳನ್ನು ಕುಗ್ಗಿಸಿ ಒಂದೇ ಗಂಟಾಗಿ ಕಟ್ಟುವ ಬೇರೆ ಬೇರೆ ರೂಪಗಳು. ಫೈಲ್ ಹೆಸರಿನ ಕೊನೆಯ ಆರ್‌ಎಆರ್ ಅಳಿಸಿ ಜಿಪ್ ಎಂದು ಬರೆದರೆ ಹೆಸರಷ್ಟೇ ಬದಲಾಗುತ್ತದೆ. ಒಳಗಿನದನ್ನು ಬಿಚ್ಚಿ ಮತ್ತೆ ಕಟ್ಟಲೇಬೇಕು. ಬಳಸಿ ನೋಡಿದ ನಾಲ್ಕೂ ದಾರಿಗಳು ಮಾಡುವುದು ಇದನ್ನೇ. ಬಿಚ್ಚಿದ ಮೇಲೆ, ಕಟ್ಟುವ ಮೊದಲು, ಕಣ್ಣಾಡಿಸಲು ಅವಕಾಶ ಇದೆಯೇ ಎಂಬುದರಲ್ಲೇ ವ್ಯತ್ಯಾಸ.

7-ಜಿಪ್ ಎಂಬ ತಂತ್ರಾಂಶದಲ್ಲಿ ಪರಿವರ್ತನೆಗೆಂದೇ ಬಟನ್ ಇಲ್ಲ. ಆರ್‌ಎಆರ್ ಬಿಚ್ಚಲು ಅದಕ್ಕೆ ಬರುತ್ತದೆ, ಕಟ್ಟಲು ಬರುವುದಿಲ್ಲ. ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ, ಅದರದೇ ಹೆಸರಿನ ಫೋಲ್ಡರಿಗೆ ಎಕ್ಸ್‌ಟ್ರ್ಯಾಕ್ಟ್ ಮಾಡಿ. ಬಹಳ ಜನ ಎಡವುವುದು ಇದರ ಮುಂದಿನ ಹೆಜ್ಜೆಯಲ್ಲಿ: ಆ ಫೋಲ್ಡರಿನ ಮೇಲೆಯೇ ರೈಟ್ ಕ್ಲಿಕ್ ಮಾಡಿ ಜಿಪ್ ಮಾಡಿದರೆ ಹೊಸ ಫೈಲಿನೊಳಗೆ ಒಂದು ಪದರ ಹೆಚ್ಚಾಗಿ ಸೇರಿಕೊಳ್ಳುತ್ತದೆ. ಫೋಲ್ಡರಿನ ಒಳಗೆ ಹೋಗಿ, ಕಂಟ್ರೋಲ್-ಎ ಒತ್ತಿ ಎಲ್ಲವನ್ನೂ ಆರಿಸಿ, ಆಮೇಲೆ 'ಆ್ಯಡ್ ಟು ಆರ್ಕೈವ್' ಕೊಡಿ. ಫಾರ್ಮ್ಯಾಟ್ ಜಿಪ್ ಇರಲಿ. ಒಳಗಿರುವುದು ಜೆಪೆಗ್ ಫೋಟೊ ಅಥವಾ ಎಂಪಿ4 ವಿಡಿಯೊ ಆದರೆ ಲೆವೆಲ್ 'ಸ್ಟೋರ್' ಸಾಕು. ಅವು ಮೊದಲೇ ಕುಗ್ಗಿರುತ್ತವೆ, 'ಅಲ್ಟ್ರಾ' ಆರಿಸಿದರೆ ಸಮಯ ಹೋಗುತ್ತದೆಯೇ ಹೊರತು ಗಾತ್ರ ಇಳಿಯುವುದಿಲ್ಲ. ಹೀಗೆ 10 ಜಿಬಿ ಫೋಟೊಗಳ ಆರ್‌ಎಆರ್ ಬದಲಿಸಲು ಹಳೆಯದು, ಬಿಚ್ಚಿದ್ದು, ಹೊಸದು ಎಲ್ಲ ಸೇರಿ ಡಿಸ್ಕಿನಲ್ಲಿ ಸುಮಾರು 30 ಜಿಬಿ ಬೇಕು. ಭಾಗಭಾಗವಾಗಿ ಬಂದ ಫೈಲುಗಳಾದರೆ ಎಲ್ಲವನ್ನೂ ಒಂದೇ ಫೋಲ್ಡರಿನಲ್ಲಿಟ್ಟು ಮೊದಲ ಭಾಗವನ್ನು ಮಾತ್ರ ಬಿಚ್ಚಿ, ಉಳಿದವನ್ನು ಅದೇ ಹುಡುಕಿಕೊಳ್ಳುತ್ತದೆ.

ಹತ್ತಿಪ್ಪತ್ತು ಫೈಲುಗಳಿದ್ದರೆ ಇಷ್ಟು ಕೈಕೆಲಸ ಬೇಸರ ತರುತ್ತದೆ. ವಿನ್‌ರಾರ್ ತಂತ್ರಾಂಶದ ಟೂಲ್ಸ್ ಮೆನುವಿನಲ್ಲಿ 'ಕನ್ವರ್ಟ್ ಆರ್ಕೈವ್ಸ್' ಇದೆ, ಆಲ್ಟ್-ಕ್ಯೂ ಒತ್ತಿದರೂ ತೆರೆಯುತ್ತದೆ. ಎಲ್ಲ ಫೈಲುಗಳನ್ನು ಒಟ್ಟಿಗೆ ಸೇರಿಸಬಹುದು, ಆದರೆ ಕೊನೆಗೆ ಸಿಗುವುದು ಆರ್‌ಎಆರ್ ಅಥವಾ ಜಿಪ್ ಮಾತ್ರ. ಅಲ್ಲಿ ಮೂಲ ಫೈಲುಗಳನ್ನು ಅಳಿಸುವ ಆಯ್ಕೆಗೆ ಟಿಕ್ ಹಾಕಲೇಬೇಡಿ. ಪಾಸ್‌ವರ್ಡ್ ಇರುವ ಫೈಲುಗಳಿದ್ದರೆ ಹೊಸದಕ್ಕೂ ಪಾಸ್‌ವರ್ಡ್ ನೀವೇ ಕೊಡಬೇಕು, ಇಲ್ಲವಾದರೆ ಬೀಗವಿಲ್ಲದ ಜಿಪ್ ತಯಾರಾಗುತ್ತದೆ. ಆರ್‌ಎಆರ್‌ನ ರಿಕವರಿ ರೆಕಾರ್ಡ್ (ಫೈಲ್ ಕೆಟ್ಟರೆ ಸರಿಪಡಿಸಲು ನೆರವಾಗುವ ಹೆಚ್ಚುವರಿ ಮಾಹಿತಿ) ಜಿಪ್‌ಗೆ ದಾಟುವುದಿಲ್ಲ. ಹಣ ಕೊಡದೆ ಇದೇ ಕೆಲಸ ಆಗಬೇಕೆಂದರೆ ಪೀಜಿಪ್ ತಂತ್ರಾಂಶದ 'ಕನ್ವರ್ಟ್' ಇದೆ. ಲಿನಕ್ಸ್‌ನಲ್ಲೂ ನಡೆಯುತ್ತದೆ, 7-ಜಿಪ್‌ನ ಸ್ವಂತ ರೂಪವಾದ 7ಝಡ್ ಆಗಿಯೂ ಕಟ್ಟಿಕೊಡುತ್ತದೆ. ಗುಂಪಾಗಿ ಮಾಡುವುದಕ್ಕೆ ನಮ್ಮ ಆಯ್ಕೆ ಇದೇ.

ಡಿಸ್ಕಿನಲ್ಲಿ ಜಾಗವೇ ಇಲ್ಲದಿದ್ದಾಗ ಕೈಹಿಡಿಯುವುದು ವಿಂಡೋಸ್ 10 ಮತ್ತು 11ರ ಜೊತೆಗೇ ಬರುವ ಟಾರ್ ಆದೇಶ. ಕಮಾಂಡ್ ಪ್ರಾಂಪ್ಟ್‌ನಲ್ಲಿ ಟಾರ್ (tar) ಎಂದು ಬರೆದು, ಜಾಗ ಬಿಟ್ಟು ಒಂದು ಅಡ್ಡಗೆರೆ, ಅದಕ್ಕೆ ಅಂಟಿಕೊಂಡೇ ಎ, ಸಿ, ಎಫ್ ಅಕ್ಷರಗಳು (-acf), ಬಳಿಕ ಹೊಸ ಜಿಪ್‌ನ ಹೆಸರು, ಕೊನೆಗೆ @ ಚಿಹ್ನೆ ಅಂಟಿಸಿದ ಹಳೆಯ ಫೈಲಿನ ಹೆಸರು. ಡಿಸ್ಕಿಗೆ ಬಿಚ್ಚಿ ಹರಡದೆ ಒಂದರಿಂದ ಓದುತ್ತಾ ಇನ್ನೊಂದಕ್ಕೆ ಬರೆಯುತ್ತದೆ. ಆದೇಶ ಬರೆಯುವ ವಿಂಡೋಸ್‌ನ ಇನ್ನೊಂದು ಕಿಟಕಿಯಾದ ಪವರ್‌ಶೆಲ್‌ನಲ್ಲಿ @ ಚಿಹ್ನೆಗೆ ಬೇರೆಯೇ ಅರ್ಥ ಇರುವುದರಿಂದ ಅದನ್ನೂ ಸೇರಿಸಿ ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಇಡಬೇಕು. ಆದರೆ ಪಾಸ್‌ವರ್ಡ್ ಹಾಕಿದ ಆರ್‌ಎಆರ್ ಇದಕ್ಕೆ ಒಗ್ಗುವುದಿಲ್ಲ, ಕನ್ನಡದಲ್ಲಿ ಹೆಸರಿಟ್ಟ ಫೈಲುಗಳಲ್ಲಿ ಮುಗ್ಗರಿಸುವುದೂ ಉಂಟು. ಕನ್ನಡ ಹೆಸರುಗಳಿದ್ದರೆ 7-ಜಿಪ್ ದಾರಿಯೇ ಮೇಲು: ಬಿಚ್ಚಿದಾಗ ಹೆಸರು ಕೆಟ್ಟಿದ್ದರೆ ಕಟ್ಟುವ ಮೊದಲೇ ಸರಿಪಡಿಸಬಹುದು.

ಆನ್‌ಲೈನ್ ಪರಿವರ್ತಕಗಳಿಗೆ ಇಡೀ ಫೈಲನ್ನು ಅಪ್‌ಲೋಡ್ ಮಾಡಬೇಕು. ಆಧಾರ್, ಪಹಣಿ, ಬ್ಯಾಂಕ್ ಪಾಸ್‌ಬುಕ್ ಪ್ರತಿಗಳಿರುವ ಫೈಲನ್ನು ಅಲ್ಲಿಗೆ ಕಳಿಸಬೇಡಿ.

ಯಾವ ದಾರಿಯಲ್ಲಿ ಮಾಡಿದರೂ ಹೊಸ ಫೈಲನ್ನು 7-ಜಿಪ್‌ನ 'ಟೆಸ್ಟ್ ಆರ್ಕೈವ್'ಗೆ ಕೊಡಿ. ಅದು ಒಳಗೆ ಸೇರಿರುವ ಫೈಲುಗಳು ಸರಿ ಇವೆಯೇ ಎಂದಷ್ಟೇ ಹೇಳುತ್ತದೆ, ಸೇರದೆ ಬಿಟ್ಟುಹೋದದ್ದು ಅದಕ್ಕೆ ಗೊತ್ತಾಗುವುದಿಲ್ಲ. ಹಳೆಯದನ್ನೂ ಟೆಸ್ಟ್ ಮಾಡಿ, ಎರಡರ ಫೈಲುಗಳ ಸಂಖ್ಯೆ ಮತ್ತು ಬಿಚ್ಚಿದ ಒಟ್ಟು ಗಾತ್ರ ತಾಳೆಯಾದ ಮೇಲೆಯೇ ಹಳೆಯದನ್ನು ಅಳಿಸಿ.