ಬಿಸಿ ಚಾಕೊಲೇಟ್‌ಗೆ ಯಾವ ಬಾಟಲಿ? ಓಲ್ಡ್ ಮಾಂಕ್‌ನಿಂದ ಶಾರ್ಟ್ರೂಸ್‌ವರೆಗೆ ಐದರ ವಿಮರ್ಶೆ

ಡಿಸೆಂಬರ್-ಜನವರಿಯಲ್ಲಿ ಮಡಿಕೇರಿ, ಸಕಲೇಶಪುರ, ಚಿಕ್ಕಮಗಳೂರಿನ ಸಂಜೆಗಳಿಗೆ ರಮ್ ಬೆರೆಸಿದ ಬಿಸಿ ಚಾಕೊಲೇಟ್‌ನಷ್ಟು ಒಗ್ಗುವ ಪಾನೀಯ ಇನ್ನೊಂದಿಲ್ಲ. ಆದರೆ ಕೆಫೆಗಳಲ್ಲೂ ಹೋಂಸ್ಟೇಗಳಲ್ಲೂ ಆ ಹೆಸರಿನಲ್ಲಿ ಕೈಗೆ ಬರುವುದು ಬಹಳ ಸಲ ಸಕ್ಕರೆ ಹಾಲಿಗೆ ಸುರಿದ ಒಂದು ಪೆಗ್ ಅಷ್ಟೇ. ಮೂಗಿಗೆ ಸ್ಪಿರಿಟ್ ಘಾಟು, ನಾಲಿಗೆಗೆ ಸಿಹಿ, ಚಾಕೊಲೇಟ್ ಎಲ್ಲೋ ಕಳೆದುಹೋಗಿರುತ್ತದೆ. ಇದಕ್ಕೆ ಬಾಟಲಿಯನ್ನು ದೂರುವವರೇ ಹೆಚ್ಚು. ತಪ್ಪಿರುವುದು ಮಾತ್ರ ಸಾಮಾನ್ಯವಾಗಿ ಅದರ ಕೆಳಗಿರುವ ಚಾಕೊಲೇಟ್‌ನಲ್ಲಿ. ಹಾಗಾಗಿ ಐದು ಬಾಟಲಿಗಳನ್ನು ತೂಗುವ ಮೊದಲು ಅವನ್ನು ಹಾಕುವ ಚಾಕೊಲೇಟ್ ಹೇಗಿರಬೇಕು ಎಂದು ನೋಡೋಣ.

ಮದ್ಯ ಬಿದ್ದ ಕೂಡಲೇ ಚಾಕೊಲೇಟ್ ತೆಳ್ಳಗಾಗುತ್ತದೆ, ಜತೆಗೆ ಆ ಬಾಟಲಿಯ ಸಿಹಿಯೂ ಸೇರುತ್ತದೆ. ಆದ್ದರಿಂದ ಬರಿದೆ ಕುಡಿಯುವ ಚಾಕೊಲೇಟ್‌ಗಿಂತ ಇದು ಗಟ್ಟಿಯಾಗಿ, ಕಹಿಯಾಗಿ ಇರಬೇಕು. ಅಂಗಡಿಯ ಡ್ರಿಂಕಿಂಗ್ ಚಾಕೊಲೇಟ್ ಡಬ್ಬಿಗಳ ಹಿಂಬದಿ ಓದಿ ನೋಡಿ, ಬಹುತೇಕ ಡಬ್ಬಿಗಳಲ್ಲಿ ಪಟ್ಟಿಯ ಮೊದಲ ಹೆಸರೇ ಸಕ್ಕರೆ. ಮಕ್ಕಳ ಲೋಟಕ್ಕೆ ಅದು ಚೆನ್ನ, ಈ ಕೆಲಸಕ್ಕೆ ಆಗದು. ಎರಡು ಮಗ್‌ಗೆ ಬೇಕಾದದ್ದು ಇಷ್ಟು: ಸಿಹಿ ಇಲ್ಲದ ಕೋಕೊ ಪುಡಿ 20 ಗ್ರಾಂ (ಮಟ್ಟಸವಾಗಿ ಮೂರು ಟೇಬಲ್ ಚಮಚ), ಡಾರ್ಕ್ ಚಾಕೊಲೇಟ್ 40 ಗ್ರಾಂ, ಸಕ್ಕರೆ 20 ಗ್ರಾಂ, ಕುದಿಯುವ ನೀರು 60 ಮಿಲಿ, ಹಾಲು 300 ಮಿಲಿ, ಒಂದು ಚಿಟಿಕೆ ಉಪ್ಪು. ಹಾಲು ನಂದಿನಿ ಶುಭಂ ಆದರೆ ಸರಿಯಾಗಿ ಕೂರುತ್ತದೆ, ಅದರಲ್ಲಿ ಶೇ. 4.5ರಷ್ಟು ಕೊಬ್ಬಿದೆ. ನೀಲಿ ಪ್ಯಾಕೆಟ್‌ನ ಟೋನ್ಡ್ ಹಾಲಿನಲ್ಲಿ ಶೇ. 3ರಷ್ಟೇ ಇರುವುದರಿಂದ ರಮ್ ಬಿದ್ದ ಮೇಲೆ ನೀರು ನೀರೆನಿಸುತ್ತದೆ. ಇರುವುದು ಅದೊಂದೇ ಆದರೆ ಅರ್ಧ ಟೀ ಚಮಚ ಕಾರ್ನ್‌ಫ್ಲೋರ್ ಕದಡಿ ಹಾಕಬಹುದು. ಶೇ. 6ರಷ್ಟು ಕೊಬ್ಬಿರುವ ಸಮೃದ್ಧಿ ಬೇಡ, ಅದು ಕೋಕೊದ ಕಹಿಯನ್ನು ಮುಚ್ಚಿಬಿಡುತ್ತದೆ.

ಕೋಕೊ ಪುಡಿಗೆ ದೂರ ಹೋಗಬೇಕಿಲ್ಲ. ದಕ್ಷಿಣ ಕನ್ನಡದ ಅಡಿಕೆ ತೋಟಗಳ ನೆರಳಲ್ಲಿ ಬೆಳೆದ ಕೋಕೊವನ್ನು ಕ್ಯಾಂಪ್ಕೊ ಕೊಂಡು ಪುತ್ತೂರಿನಲ್ಲಿ ಸಂಸ್ಕರಿಸುತ್ತದೆ. ಸಹಕಾರಿ ಸಂಸ್ಥೆ ಹುಟ್ಟಿದ್ದು 1973ರಲ್ಲಿ, ಚಾಕೊಲೇಟ್ ಕಾರ್ಖಾನೆ ಶುರುವಾದದ್ದು 1986ರಲ್ಲಿ. ನಮ್ಮದೇ ತೋಟದ ಕೋಕೊ ಇರುವಾಗ ಹೊರಗಿನ ದುಬಾರಿ ಡಬ್ಬಿ ಹಿಡಿಯುವ ಅಗತ್ಯ ಕಾಣುವುದಿಲ್ಲ. ಯಾವ ಕಂಪನಿಯದಾದರೂ ಒಂದು ವಿಷಯ ಮಾತ್ರ ನೋಡಿಕೊಳ್ಳಬೇಕು. ಕೋಕೊದಲ್ಲಿ ಎರಡು ಬಗೆ: ಸಹಜ ಕೋಕೊ ತಿಳಿ ಕಂದು, ಸ್ವಲ್ಪ ಹುಳಿ. ಕ್ಷಾರ ಸೇರಿಸಿ ಹುಳಿ ತೆಗೆದದ್ದು ಗಾಢ ಬಣ್ಣದ ‘ಡಚ್ ಪ್ರೊಸೆಸ್’, ಅದರ ಪಟ್ಟಿಯಲ್ಲಿ ಅಲ್ಕಲೈಸ್ಡ್ ಎಂದೋ ಐಎನ್‌ಎಸ್ 501 (ಆ ಕ್ಷಾರದ ಸಂಕೇತ ಸಂಖ್ಯೆ) ಎಂದೋ ಬರೆದಿರುತ್ತದೆ. ಬಿಸಿ ಹಾಲು ಮತ್ತು ಮದ್ಯ ಒಂದಾಗುವ ಕಡೆ ಡಚ್ ಪ್ರೊಸೆಸ್ ಸುರಕ್ಷಿತ. ಹುಳಿ ಕಡಿಮೆ ಇದ್ದಷ್ಟೂ ಹಾಲು ಒಡೆಯುವ ಸಾಧ್ಯತೆ ಕಡಿಮೆ.

ಡಾರ್ಕ್ ಚಾಕೊಲೇಟ್ ಬಾರ್‌ನಲ್ಲೂ ಪಟ್ಟಿ ಓದಲೇಬೇಕು. ಕೋಕೊ ಬಟರ್ ಇರಬೇಕು. ಅದರ ಜಾಗದಲ್ಲಿ ಹೈಡ್ರೋಜನೇಟೆಡ್ ವೆಜಿಟೆಬಲ್ ಫ್ಯಾಟ್ ಇದ್ದರೆ ಅದು ಬೇಕರಿಗಳಲ್ಲಿ ಬಳಸುವ ಕಾಂಪೌಂಡ್. ಕೇಕ್ ಮೇಲಿನ ಅಲಂಕಾರಕ್ಕೆ ಅದು ಅನುಕೂಲ, ಮಗ್‌ನಲ್ಲಿ ಮಾತ್ರ ಅಂಗುಳಕ್ಕೆ ಮೇಣ ಹಚ್ಚಿದಂತೆ ಅಂಟುತ್ತದೆ. ಕೋಕೊ ಬಟರ್ ಸುಮಾರು 34 ಡಿಗ್ರಿಯಲ್ಲೇ, ಅಂದರೆ ಬಾಯಿಯ ಬಿಸಿಗೇ ಕರಗುವುದರಿಂದ ಆ ತೊಂದರೆ ಇಲ್ಲ. ಶೇ. 55ರಿಂದ 70ರಷ್ಟು ಕೋಕೊ ಇರುವ ಬಾರ್ ಸಾಕು.

ಮಾಡುವ ಕ್ರಮ ಸುಲಭ, ಆದರೆ ಅದನ್ನು ಹಿಂದುಮುಂದು ಮಾಡಬಾರದು. ದಪ್ಪ ತಳದ ಪಾತ್ರೆಯಲ್ಲಿ ಕೋಕೊ, ಸಕ್ಕರೆ, ಉಪ್ಪು ಹಾಕಿ, ಕುದಿಯುವ ನೀರನ್ನು ಮೂರು ಸಲವಾಗಿ ಸೇರಿಸುತ್ತ ಹೊಳೆಯುವ ಹಿಟ್ಟಿನಂತೆ ಕಲಸಬೇಕು. ಒಣ ಪುಡಿಯನ್ನು ನೇರ ಹಾಲಿಗೆ ಉದುರಿಸಿದರೆ ಒಳಗೆ ಒಣಗಿದ, ಹೊರಗೆ ನೆನೆದ ಗಂಟುಗಳಾಗುತ್ತವೆ, ಆಮೇಲೆ ಎಷ್ಟು ಕಡೆದರೂ ಬಿಡುವುದಿಲ್ಲ. ಈಗ ಹಾಲು ಹಾಕಿ ಸಣ್ಣ ಉರಿಯಲ್ಲಿ ಕುದಿ ಬರಿಸಿ, ಎರಡು ನಿಮಿಷ ಮೆಲ್ಲಗೆ ಕುದಿಯಲು ಬಿಡಿ. ಕೋಕೊದಲ್ಲಿ ಪಿಷ್ಟವಿದೆ, ಅದು ಬೇಯದಿದ್ದರೆ ತಳದಲ್ಲಿ ಮರಳಿನಂತೆ ಕೂರುತ್ತದೆ. ಕಾರ್ನ್‌ಫ್ಲೋರ್ ಹಾಕುವುದಾದರೂ ಇದೇ ಹೊತ್ತಿಗೆ. ಉರಿ ಆರಿಸಿ, ತುಂಡು ಮಾಡಿದ ಚಾಕೊಲೇಟ್ ಹಾಕಿ, ಒಂದು ನಿಮಿಷ ಮುಚ್ಚಿಟ್ಟು, ಆಮೇಲೆ ಕಡೆಯಬೇಕು. ಇಲ್ಲಿ ಮನೆಯ ಕಡಗೋಲಿಗೆ ಸಮನಾದ ಸಾಧನವಿಲ್ಲ. ಅಂಗೈಗಳ ನಡುವೆ ಅರ್ಧ ನಿಮಿಷ ತಿರುಗಿಸಿದರೆ ಕೊಬ್ಬು ಹಾಲಿನೊಂದಿಗೆ ಒಂದಾಗಿ ಮೇಲೆ ನೊರೆ ಬರುತ್ತದೆ. ಮೆಕ್ಸಿಕೊದಲ್ಲಿ ಚಾಕೊಲೇಟ್ ಕಡೆಯುವ ಮೊಲಿನಿಯೊ ಕೂಡ ಹೀಗೆಯೇ ಅಂಗೈ ನಡುವೆ ತಿರುಗುವ ಮರದ ಕೋಲು.

ಮದ್ಯ ಸೇರಿಸುವುದು ಕಟ್ಟಕಡೆಗೆ, ಒಲೆಯಿಂದ ದೂರ, ಮಗ್‌ನಲ್ಲಿ. ಆಲ್ಕೊಹಾಲ್ ಕುದಿಯುವುದು 78 ಡಿಗ್ರಿಯಲ್ಲಿ. ಕುದಿಯುವ ಹಾಲಿಗೆ ರಮ್ ಸುರಿದರೆ ಪರಿಮಳವೆಲ್ಲ ಹಬೆಯೊಂದಿಗೆ ಹೋಗಿ, ಆ ಹಬೆ ಮೂಗಿಗೆ ಹೊಡೆದು ಕೆಮ್ಮು ಬರಿಸುತ್ತದೆ. ಜತೆಗೆ ಉರಿಯುವ ಗ್ಯಾಸ್ ಪಕ್ಕದಲ್ಲಿ ಸ್ಪಿರಿಟ್ ಸುರಿಯುವುದು ನಿಜಕ್ಕೂ ಅಪಾಯ, ಆವಿಗೆ ಬೆಂಕಿ ತಗುಲುತ್ತದೆ. ಚಾಕೊಲೇಟ್ 75 ಡಿಗ್ರಿ ಇರುವಾಗ 200 ಮಿಲಿಗೆ 45 ಮಿಲಿ ರಮ್ ಸೇರಿಸಿದರೆ ಮಗ್ 65ರ ಆಸುಪಾಸಿಗೆ ಇಳಿಯುತ್ತದೆ, ಕುಡಿಯಲು ಅದೇ ಹದ. ಥರ್ಮಾಮೀಟರ್ ಇಲ್ಲದಿದ್ದರೆ ಹೀಗೆ ನೋಡಿ: ಹಬೆ ಏಳುತ್ತಿರಬೇಕು, ಅಂಚಿನಲ್ಲಿ ಗುಳ್ಳೆ ಇರಬಾರದು. ಮಗ್ ದಪ್ಪ ಪಿಂಗಾಣಿಯದಾಗಿರಲಿ, ಮೊದಲೇ ಬಿಸಿನೀರು ತುಂಬಿಸಿ ಚೆಲ್ಲಿರಲಿ. ಸ್ಟೀಲ್ ಲೋಟ ತುಟಿ ಸುಡುತ್ತದೆ, ಬೇಗ ಆರುತ್ತದೆ. ಕಾಫಿಯಂತೆ ಎತ್ತಿ ಹೊಯ್ಯುವುದಂತೂ ಬೇಡವೇ ಬೇಡ.

ಹಾಲು ಒಡೆಯುವುದು ಎರಡು ಕಾರಣಕ್ಕೆ. ಒಂದು ಹುಳಿ: ಕಿತ್ತಳೆ ರಸ, ವೈನ್, ಮತ್ತು ನಮ್ಮಲ್ಲಿ ಬೆಲ್ಲ. ಪಾಯಸಕ್ಕೆ ಹಾಲು ಹಾಕುವಾಗ ಬೆಲ್ಲದ ಪಾಕ ಆರಿರಬೇಕೆಂದು ಮನೆಯ ಹಿರಿಯರು ಹೇಳುವುದು ಇಲ್ಲಿಗೂ ಸಲ್ಲುತ್ತದೆ. ಬೆಲ್ಲವೇ ಬೇಕಿದ್ದರೆ ಪಾಕ ಮಾಡಿ ಸೋಸಿ, ಉರಿ ಆರಿಸಿದ ಮೇಲೆ ಸೇರಿಸಿ. ಕಿತ್ತಳೆ ಬೇಕಿದ್ದರೆ ರಸದ ಬದಲು ಸಿಪ್ಪೆಯ ಹೊರಪದರ ಸಾಕು. ಇನ್ನೊಂದು ಕಾರಣ ಮದ್ಯವನ್ನು ಒಮ್ಮೆಲೇ ಸುರಿಯುವುದು. ಬಿದ್ದ ಜಾಗದಲ್ಲಿ ಆಲ್ಕೊಹಾಲ್ ಒಮ್ಮೆಗೇ ಹೆಚ್ಚಾಗಿ ಹಾಲಿನ ಪ್ರೋಟೀನ್ ಗಟ್ಟಿಯಾಗುತ್ತದೆ. ಸಣ್ಣ ಧಾರೆಯಾಗಿ, ಕಲಕುತ್ತ ಹಾಕಿದರೆ ಹೀಗಾಗದು.

ಇನ್ನು ಬಾಟಲಿಗಳು.

ಓಲ್ಡ್ ಮಾಂಕ್‌ಗೆ ಮೊದಲ ಸ್ಥಾನ ಕೊಡಲು ಅದರ ಮೇಲಿನ ಪ್ರೀತಿ ಕಾರಣವಲ್ಲ. ಮೋಹನ್ ಮೀಕಿನ್ ಕಂಪನಿಯ ಈ ರಮ್‌ನಲ್ಲಿ (ಶೇ. 42.8ರಷ್ಟು ಆಲ್ಕೊಹಾಲ್) ವೆನಿಲಾ, ಸುಟ್ಟ ಸಕ್ಕರೆಯ ಪರಿಮಳ ಎದ್ದು ನಿಲ್ಲುತ್ತದೆ. ಚಾಕೊಲೇಟ್ ಬಾರ್ ಮಾಡುವವರು ವೆನಿಲಾ ಸೇರಿಸುವುದೇ ಕೋಕೊದ ಒಗರನ್ನು ದುಂಡಗಾಗಿಸಲು, ಆ ಕೆಲಸವನ್ನು ಈ ರಮ್ ತಾನಾಗಿಯೇ ಮಾಡುತ್ತದೆ. ಏನನ್ನೂ ಬೆರೆಸದೆ ಕುಡಿದಾಗ ಅತಿಸಿಹಿ ಎನಿಸುವ ಗುಣ ಕಹಿ ಚಾಕೊಲೇಟ್‌ನಲ್ಲಿ ಸಮಕ್ಕೆ ಬರುತ್ತದೆ. ಅಳತೆ ಮಗ್‌ಗೆ 45 ಮಿಲಿ, ಸಕ್ಕರೆ ಎರಡು ಮಗ್‌ಗೆ 20ರಿಂದ 15 ಗ್ರಾಂಗೆ ಇಳಿಸಿ. ಒಂದು ಟೇಬಲ್ ಚಮಚ ಗಟ್ಟಿ ಫಿಲ್ಟರ್ ಡಿಕಾಕ್ಷನ್ ಸೇರಿಸಿದರೆ ಇದು ಇನ್ನೊಂದು ಮಟ್ಟಕ್ಕೆ ಏರುತ್ತದೆ. ಚಿಕೋರಿ ಕಡಿಮೆ ಇರಲಿ, ಅದರ ಕಹಿ ಬೇರೆ ಜಾತಿಯದು. 180 ಮಿಲಿಯ ಕ್ವಾರ್ಟರ್ ತಂದರೆ ಸರಿಯಾಗಿ ನಾಲ್ಕು ಮಗ್. ಹೀಗೆ ಮಾಡಿದ ಮಗ್‌ನಲ್ಲಿ ಸುಮಾರು ಶೇ. 8ರಷ್ಟು ಆಲ್ಕೊಹಾಲ್ ಇರುತ್ತದೆ, ಅಂದರೆ ಸ್ಟ್ರಾಂಗ್ ಬಿಯರ್‌ನಷ್ಟು. ಸಿಹಿಯಲ್ಲಿ ಅದು ಗೊತ್ತಾಗುವುದಿಲ್ಲ. ಘಾಟಿ ರಸ್ತೆಯಲ್ಲಿ ಗಾಡಿ ಓಡಿಸುವವರಿಗೆ ಒಂದು ಮಗ್ ಕೂಡ ಕೊಡಬಾರದು.

ಜರ್ಮನಿಯ ಉತ್ತರ ಫ್ರೀಸಿಯಾ ಕರಾವಳಿಯಲ್ಲಿ ಇದೇ ಜೋಡಿಯನ್ನು ಮೇಲೆ ಕ್ರೀಮ್ ಹಾಕಿ ‘ಟೋಟೆ ಟಾಂಟೆ’ ಎಂದು ಕೊಡುತ್ತಾರೆ. ಅಲ್ಲಿರುವ ಕನ್ನಡಿಗರು ಗಮನಿಸಬೇಕಾದದ್ದು ಒಂದೇ: ಆ ಕಡೆ ಶೇ. 54ರಷ್ಟು ಆಲ್ಕೊಹಾಲ್ ಇರುವ ತೀಕ್ಷ್ಣ ರಮ್ ಕೂಡ ಸಾಮಾನ್ಯ, ಆಗ 30 ಮಿಲಿ ದಾಟಬಾರದು.

ಬೆಂಗಳೂರಿನ ಅಮೃತ್ ಡಿಸ್ಟಿಲರೀಸ್‌ನ ಟೂ ಇಂಡೀಸ್ ರಮ್ ಇನ್ನೂ ಸೂಕ್ಷ್ಮ. ಕೆರೀಬಿಯನ್ ರಮ್‌ಗಳ ಜತೆ ನಮ್ಮ ಬೆಲ್ಲದ ರಮ್ ಬೆರೆಸಿ ಮಾಡಿದ್ದು. ಮಾಗಿದ ಬಾಳೆಹಣ್ಣು, ಬೆಲ್ಲದ ಗಾಢತೆ ಎರಡೂ ಚಾಕೊಲೇಟ್ ಒಳಗಿನಿಂದ ಮೇಲೆದ್ದು ಬರುತ್ತವೆ. ಇದಕ್ಕೆ ಡಿಕಾಕ್ಷನ್ ಬೇಡ, ಏಲಕ್ಕಿಯೂ ಬೇಡ, ಬರೀ ಉಪ್ಪಿನ ಚಿಟಿಕೆ ಸಾಕು. ಬೆಲೆ ಹೆಚ್ಚು, ಎಲ್ಲ ಅಂಗಡಿಗಳಲ್ಲೂ ಇಡುವುದಿಲ್ಲ. ಅತಿಥಿಗಳು ಬಂದ ದಿನ ತೆಗೆಯಬೇಕಾದ ಬಾಟಲಿ ಇದು. ದಿನನಿತ್ಯಕ್ಕೆ ಓಲ್ಡ್ ಮಾಂಕ್ ಮೇಲೆ ಇಷ್ಟು ಹೆಚ್ಚು ಕೊಡುವ ಅಗತ್ಯವಿಲ್ಲ.

ಬೈಲೀಸ್‌ ಅನ್ನು ಜನ ಮೊದಲು ನೆನೆಸಿಕೊಳ್ಳುತ್ತಾರೆ, ಈ ಐದರಲ್ಲಿ ಅದಕ್ಕೆ ನಾಲ್ಕನೇ ಸ್ಥಾನ. ಶೇ. 17ರಷ್ಟೇ ಆಲ್ಕೊಹಾಲ್ ಇರುವ ಈ ಐರಿಶ್ ಕ್ರೀಮ್‌ನ 60 ಮಿಲಿಯಲ್ಲಿ ಸುಮಾರು 12 ಗ್ರಾಂ ಸಕ್ಕರೆ ಇದೆ. ಸಕ್ಕರೆ ಹಾಕಿದ ಚಾಕೊಲೇಟ್‌ಗೆ ಇದನ್ನೂ ಸುರಿದರೆ ಅರ್ಧ ಮಗ್‌ಗೇ ಬಾಯಿ ಕಟ್ಟುತ್ತದೆ. ಅದರ ಒಳ್ಳೆಯ ಗುಣ ಮೈಯ ನಯ. ಕ್ರೀಮ್ ಮೊದಲೇ ಮದ್ಯದೊಂದಿಗೆ ಸ್ಥಿರಗೊಂಡಿರುವುದರಿಂದ ಬಿಸಿ ಹಾಲಿನಲ್ಲಿ ಒಡೆಯುವುದಿಲ್ಲ. ಸರಿಯಾಗಿ ಬಳಸುವುದು ಹೀಗೆ: ಚಾಕೊಲೇಟ್‌ಗೆ ಸಕ್ಕರೆ ಹಾಕಲೇಬೇಡಿ, ಬೈಲೀಸ್ 45 ಮಿಲಿ, ಡಾರ್ಕ್ ರಮ್ 15 ಮಿಲಿ. ರಮ್ ಇಲ್ಲದೆ ಬರೀ ಬೈಲೀಸ್ ಹಾಕಿದ ಮಗ್‌ನಲ್ಲಿ ಬೆನ್ನೆಲುಬೇ ಇರುವುದಿಲ್ಲ.

ಅಮೃತ್ ಫ್ಯೂಷನ್ ವಿಸ್ಕಿ ಹಾಕುವುದು ಅತಿರೇಕ ಎನ್ನುವವರಿದ್ದಾರೆ. 20 ಮಿಲಿ ಹಾಕಿ ನೋಡಿದರೆ ಅಭಿಪ್ರಾಯ ಬದಲಾದೀತು. ಇದರಲ್ಲಿ ಭಾರತದ ಬಾರ್ಲಿಯ ಜತೆ ಪೀಟ್ (ಜೌಗು ನೆಲದಿಂದ ಅಗೆದು ಉರಿಸುವ ಸಸ್ಯಾವಶೇಷ) ಹೊಗೆಯಲ್ಲಿ ಒಣಗಿಸಿದ ಸ್ಕಾಟ್ಲೆಂಡಿನ ಬಾರ್ಲಿಯೂ ಇದೆ, ಆಲ್ಕೊಹಾಲ್ ಶೇ. 50ರಷ್ಟು. ಹೊಗೆಯ ವಾಸನೆ ಹುರಿದ ಕೋಕೊದ ವಾಸನೆಗೆ ಅಣ್ಣನಂತೆ ಹೆಗಲು ಕೊಡುತ್ತದೆ. 30 ಮಿಲಿ ದಾಟಿದರೆ ಮಾತ್ರ ಮರದ ಒಗರು, ಕೋಕೊದ ಒಗರು ಎರಡೂ ಸೇರಿ ನಾಲಿಗೆ ಬಿಗಿಯುತ್ತದೆ. ಮೇಲೆ ಸಿಹಿ ಇಲ್ಲದ ಕ್ರೀಮ್ ಇರಲೇಬೇಕು. ಮೂರನೇ ಸ್ಥಾನ ಇದಕ್ಕೆ.

ಐದನೆಯದು ಹಸಿರು ಶಾರ್ಟ್ರೂಸ್. ಫ್ರಾನ್ಸಿನ ಆಲ್ಪ್ಸ್‌ನಲ್ಲಿ, ಗ್ರೆನೋಬಲ್ ಬಳಿಯ ಕಾರ್ತೂಸಿಯನ್ ಸನ್ಯಾಸಿಗಳು 130 ಗಿಡಮೂಲಿಕೆಗಳಿಂದ ಮಾಡುವ, ಶೇ. 55ರಷ್ಟು ಆಲ್ಕೊಹಾಲ್ ಇರುವ ಮದ್ಯ. ಅಲ್ಲಿನ ಸ್ಕೀ ಬೆಟ್ಟಗಳಲ್ಲಿ ಬಿಸಿ ಚಾಕೊಲೇಟ್‌ಗೆ ಇದನ್ನು ಬೆರೆಸಿ ಕುಡಿಯುವುದು ಹಳೆಯ ರೂಢಿ. ರುಚಿಯಲ್ಲಿ ಇದಕ್ಕೆ ಸಾಟಿಯಿಲ್ಲ. ಪುದೀನ, ಸೋಂಪು, ಪೈನ್ ಮರದ ತಂಪು ಚಾಕೊಲೇಟ್‌ನ ಬಿಸಿಯೊಳಗೆ ಬಿಚ್ಚಿಕೊಳ್ಳುತ್ತವೆ. 20 ಮಿಲಿ ಸಾಕು, ಹಾಲಿನ ಅರ್ಧ ಭಾಗ ತೆಗೆದು ನೀರು ಹಾಕಬೇಕು. ಹಾಲಿನ ಕೊಬ್ಬು ಮೂಲಿಕೆಯ ಪರಿಮಳವನ್ನು ಹಿಡಿದಿಟ್ಟುಕೊಂಡುಬಿಡುತ್ತದೆ. ಐದನೇ ಸ್ಥಾನ ಕೊಟ್ಟದ್ದು ಸಿಗುವ ಕಷ್ಟಕ್ಕೆ ಮಾತ್ರ. ಸನ್ಯಾಸಿಗಳು ಉತ್ಪಾದನೆ ಹೆಚ್ಚಿಸದಿರಲು ನಿರ್ಧರಿಸಿರುವುದರಿಂದ ಜಗತ್ತಿನ ಎಲ್ಲೆಡೆ ಕೊರತೆಯಿದೆ. ಯೂರೋಪಿನಲ್ಲಿ, ಅಮೆರಿಕದಲ್ಲಿ ಇರುವವರ ಕಣ್ಣಿಗೆ ಬಿದ್ದರೆ ಬಿಡಬಾರದು.

ವೋಡ್ಕಾ ಇಲ್ಲಿ ದಂಡ, ಖಾರದ ಹೊರತು ಏನನ್ನೂ ಕೊಡುವುದಿಲ್ಲ. ಬ್ರಾಂದಿ ನಡೆಯುತ್ತದೆ, ಒಂದು ತುಂಡು ಚಕ್ಕೆಯ ಜತೆ.

ಮೇಲಿನ ಕ್ರೀಮ್ ಬಗ್ಗೆ ಒಂದು ಮಾತು. ಅಮುಲ್ ಫ್ರೆಶ್ ಕ್ರೀಮ್‌ನಲ್ಲಿ ಕೊಬ್ಬು ಶೇ. 25ರಷ್ಟೇ, ಎಷ್ಟು ಕಡೆದರೂ ಅದು ನಿಲ್ಲುವುದಿಲ್ಲ. ಗಟ್ಟಿಯಾಗಿ ನಿಲ್ಲಲು ಶೇ. 30ಕ್ಕಿಂತ ಹೆಚ್ಚು ಬೇಕು, ವಿಪ್ಪಿಂಗ್ ಕ್ರೀಮ್ ಎಂದೇ ಕೇಳಿ, ಹಾಲಿನದೇ ಎಂದು ನೋಡಿ. ಫ್ರಿಜ್‌ನಲ್ಲಿ ತಣ್ಣಗಾದ ಪಾತ್ರೆಯಲ್ಲಿ, ಚಮಚದಿಂದ ನಿಧಾನಕ್ಕೆ ಜಾರುವಷ್ಟೇ ಕಡೆದು ಮೇಲೆ ತೇಲಿಸಿ. ಮಾರ್ಷ್‌ಮೆಲೋ ಹಾಕುವ ಸಸ್ಯಾಹಾರಿಗಳು ಜೆಲಟಿನ್ ಇದೆಯೇ ಎಂದು ಓದಿಕೊಳ್ಳಬೇಕು.

ಮದ್ಯ ಬೆರೆಸದ ಚಾಕೊಲೇಟ್ ಉಳಿದರೆ ಮುಚ್ಚಿ ಫ್ರಿಜ್‌ನಲ್ಲಿ ಎರಡು ದಿನ ಇಡಬಹುದು. ಗಟ್ಟಿಯಾಗುತ್ತದೆ, ಎರಡು ಚಮಚ ಹಾಲು ಹಾಕಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ ಮತ್ತೆ ಕಡೆದರೆ ಮೊದಲಿನಂತಾಗುತ್ತದೆ. ಹಾಗಾಗಿ ಆರೆಂಟು ಜನ ಬರುವ ದಿನ ಬೆಳಗ್ಗೆಯೇ ಮಾಡಿಟ್ಟು, ಸಂಜೆ ಮಗ್ ಮಗ್‌ಗೆ ಅವರವರ ಬಾಟಲಿಯಿಂದ ಸೇರಿಸುವುದು ಜಾಣತನ. ಕುಡಿಯದವರ ಮಗ್‌ಗೂ, ಮಕ್ಕಳ ಮಗ್‌ಗೂ ಅದೇ ಚಾಕೊಲೇಟ್ ಆಗುತ್ತದೆ, ಒಂದು ಚಮಚ ಸಕ್ಕರೆ ಹೆಚ್ಚಿಗೆ ಹಾಕಿದರಾಯಿತು.