ಕ್ಷೌರದ ಕತ್ತಿಗೆ ಒಂದೇ ಸಾಣೆಕಲ್ಲು ಕೊಳ್ಳುವ ಮುನ್ನ

ಮಡಿಚುವ ಕ್ಷೌರದ ಕತ್ತಿಗೆ ಒಂದೇ ಒಂದು ಸಾಣೆಕಲ್ಲು ಸಾಕೆಂದು ತೀರ್ಮಾನಿಸಿ, ಅದನ್ನು ನುಣುಪಿನ ಸಂಖ್ಯೆಯೊಂದನ್ನೇ ನೋಡಿ ಆರಿಸಿದ್ದರಿಂದ ನನ್ನ ಒಳ್ಳೆಯ ಕತ್ತಿಯೊಂದು ಹಾಳಾಯಿತು. ಅದು ಹೇಗಾಯಿತೆಂಬುದನ್ನು ವಿವರವಾಗಿ ಬರೆಯುತ್ತಿದ್ದೇನೆ. ಇದೇ ಆಲೋಚನೆಯಲ್ಲಿರುವವರು ಹಣ ಕೊಡುವ ಮುನ್ನ ದಯವಿಟ್ಟು ಓದಬೇಕು.

ಆ ಕತ್ತಿ ಬೇರೊಬ್ಬರು ಬಳಸಿ ಬಿಟ್ಟದ್ದು. ಉಕ್ಕು ಚೆನ್ನಾಗಿತ್ತು, ತುಕ್ಕು ಹಿಡಿದಿರಲಿಲ್ಲ, ಆದರೆ ಬಾಯಿ ಪೂರ್ತಿ ಮೊಂಡಾಗಿತ್ತು. ಮುಖದ ಮೇಲೆ ಆಡಿಸುವ ಅಲಗಿಗೆ ಕಲ್ಲು ಎಷ್ಟು ನಯವಾಗಿದ್ದರೆ ಅಷ್ಟು ಒಳ್ಳೆಯದೆಂದು ನಾನು ಭಾವಿಸಿದ್ದೆ. ಮಾರುವವರು ಒಂದು ನೈಸರ್ಗಿಕ ಕಲ್ಲನ್ನು ತೋರಿಸಿ, ಇದು 12000 ಗ್ರಿಟ್, ಇದೊಂದಿದ್ದರೆ ಬೇರೇನೂ ಬೇಡ ಎಂದರು, ನಾನು ನಂಬಿದೆ. ಗ್ರಿಟ್ ಸಂಖ್ಯೆ ಹೆಚ್ಚಿದಷ್ಟೂ ಕಲ್ಲು ನಯವೆಂಬುದಷ್ಟೇ ನನಗೆ ಗೊತ್ತಿದ್ದದ್ದು. ಗ್ರಿಟ್ ಎಂಬುದು ಕಾರ್ಖಾನೆಯಲ್ಲಿ ಕಣಗಳನ್ನು ಗಾತ್ರಕ್ಕೆ ತಕ್ಕಂತೆ ವಿಂಗಡಿಸಿ ತಯಾರಿಸಿದ ಕಲ್ಲುಗಳ ಅಳತೆಯೆಂಬುದೂ, ನೆಲದಿಂದ ತೆಗೆದ ಕಲ್ಲಿನ ಮೇಲೆ ಬರೆದಿರುವ ಸಂಖ್ಯೆ ಕೇವಲ ಒಂದು ಅಂದಾಜೆಂಬುದೂ ಆಗ ನನಗೆ ತಿಳಿದಿರಲಿಲ್ಲ. ಕಾರ್ಖಾನೆಯ ಕಲ್ಲುಗಳಲ್ಲಿಯೂ ಜಪಾನಿನ ಅಳತೆಯ ಒಂದು ಸಂಖ್ಯೆ ಮತ್ತು ಅಮೆರಿಕದ ಅಳತೆಯ ಅದೇ ಸಂಖ್ಯೆ ಒಂದೇ ಗಾತ್ರದ ಕಣವನ್ನು ಸೂಚಿಸುವುದಿಲ್ಲ.

ಎರಡು ವಾರ ಪ್ರತಿ ಸಂಜೆ ಮಸೆದೆ. ಬಾಯಿಯ ಅಂಚು ಕನ್ನಡಿಯಂತೆ ಹೊಳೆಯತೊಡಗಿತು, ನಾನು ಆ ಹೊಳಪನ್ನೇ ಹರಿತವೆಂದು ತಿಳಿದೆ. ಮುಖಕ್ಕೆ ತಾಗಿಸಿದಾಗ ಕೂದಲು ಕತ್ತರಿಸಲಿಲ್ಲ, ಬುಡಸಮೇತ ಎಳೆಯಿತು. ಕಾರಣ ಸರಳವಾದದ್ದು: ಮೊಂಡಾದ ಕತ್ತಿಯಲ್ಲಿ ಬಾಯಿಯ ಎರಡು ಇಳಿಜಾರು ಮುಖಗಳು ಒಂದು ಗೆರೆಯಲ್ಲಿ ಕೂಡುವುದಿಲ್ಲ, ನಡುವೆ ಬರಿಗಣ್ಣಿಗೆ ಕಾಣದಷ್ಟು ಸಣ್ಣ ದುಂಡಂಚು ಉಳಿದಿರುತ್ತದೆ. ಅದನ್ನು ತೆಗೆಯುವುದು 1000 ಗ್ರಿಟ್ಟಿನ ಆಸುಪಾಸಿನ ಕಲ್ಲಿನ ಕೆಲಸ. ಅತಿ ನಯವಾದ ಕಲ್ಲು ಒಂದೊಂದು ಎಳೆತಕ್ಕೆ ತೆಗೆಯುವ ಉಕ್ಕು ತೀರ ಅತ್ಯಲ್ಪವಾದ್ದರಿಂದ, ಅದು ಇರುವ ಮೊಂಡನ್ನೇ ಪಾಲಿಶ್ ಮಾಡಿ ಕೊಡುತ್ತದೆ.

ಇದು ತಿಳಿಯದೆ ನಾನು ಒತ್ತಡ ಹೆಚ್ಚಿಸಿದೆ. ಅತಿ ದೊಡ್ಡ ಹಾನಿ ಆದದ್ದು ಇಲ್ಲಿ. ಕ್ಷೌರದ ಕತ್ತಿಯನ್ನು ಅಡುಗೆಮನೆಯ ಚಾಕುವಿನಂತೆ ಓರೆ ಹಿಡಿದು ಮಸೆಯುವುದಿಲ್ಲ. ಬೆನ್ನು ಮತ್ತು ಬಾಯಿ ಎರಡನ್ನೂ ಒಟ್ಟಿಗೆ ಕಲ್ಲಿಗೆ ತಾಗಿಸಿ ಚಪ್ಪಟೆಯಾಗಿ ಮಲಗಿಸಬೇಕು, ಬಾಯಿ ಮುಂದಾಗಿ ಸಾಗಬೇಕು. ಬೆನ್ನಿನ ದಪ್ಪ ಮತ್ತು ಅಲಗಿನ ಅಗಲವೇ ಬಾಯಿಯ ಕೋನವನ್ನು ನಿರ್ಧರಿಸುತ್ತವೆ. ಸಾಮಾನ್ಯವಾಗಿ ಅದು 16ರಿಂದ 17 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಹಾಗಾಗಿ ಒತ್ತಿ ಮಸೆದಾಗ ಎರಡೂ ಬದಿ ಒಳಕ್ಕೆ ಬಾಗುವಂತೆ ಕೊರೆದ ತೆಳುವಾದ ಅಲಗು ಬಾಗಿ ಬಾಯಿ ಕಲ್ಲಿನಿಂದ ದೂರ ಸರಿಯುತ್ತದೆ, ಆ ಭಾರವನ್ನೆಲ್ಲ ಬೆನ್ನು ಹೊತ್ತು ಸವೆಯುತ್ತದೆ. ನನ್ನ ಕತ್ತಿಯ ಬೆನ್ನು ತುದಿಯ ಕಡೆ ಹೆಚ್ಚು, ಬುಡದ ಕಡೆ ಕಡಿಮೆ ಸವೆಯಿತು. ಅದಕ್ಕೆ ಕಲ್ಲೂ ಕಾರಣವಾಗಿತ್ತು: ಹೊಸ ಕಲ್ಲು ಸಮತಟ್ಟಾಗಿಯೇ ಇರುತ್ತದೆಂದುಕೊಂಡು ನಾನು ಪರೀಕ್ಷಿಸಿರಲಿಲ್ಲ. ಬಹಳ ತಡವಾಗಿ, ಅದರ ಮೇಲೆ ಪೆನ್ಸಿಲ್ಲಿನಿಂದ ಚೌಕುಳಿ ಗೆರೆ ಎಳೆದು, ದಪ್ಪ ಗಾಜಿನ ಮೇಲೆ ಹಾಸಿದ ಒದ್ದೆ ಉಜ್ಜುಕಾಗದದಲ್ಲಿ ತಿಕ್ಕಿದಾಗ, ನಡುವಿನ ಗೆರೆಗಳು ಮೊದಲೇ ಅಳಿಸಿಹೋಗಿ ಅಂಚಿನವು ಹಾಗೆಯೇ ಉಳಿದವು. ಕಲ್ಲಿನ ನಡುಭಾಗ ಉಬ್ಬಿತ್ತು.

ಆದರೆ ಅದಕ್ಕೂ ಮುಂಚೆಯೇ ತಾಳ್ಮೆ ತಪ್ಪಿ, ಚಾಕು ಮಸೆಯುವ ಎರಡು ಮುಖದ ಒರಟು ಕಲ್ಲಿನ ಮೇಲೆ ಕತ್ತಿಯನ್ನು ಎಳೆದಿದ್ದೆ. ಕಲ್ಲಿನ ಗೀರುಗಳು ಬಾಯಿಯವರೆಗೂ ಹೋಗಿ ಅಂಚು ಸಣ್ಣ ಸಣ್ಣದಾಗಿ ಮುಕ್ಕಾಯಿತು. ಮರುದಿನ ಕೆನ್ನೆಯಲ್ಲಿ ಎರಡು ಕಡೆ ರಕ್ತ ಬಂತು, ಕತ್ತಿನ ಚರ್ಮ ಎರಡು ದಿನ ಉರಿಯಿತು. ಇದನ್ನು ಯಾರೂ ಮಾಡಬಾರದು. ಕತ್ತಿಯಿಂದ ಹೋದ ಉಕ್ಕು ಮತ್ತೆ ಬರುವುದಿಲ್ಲ.

ಕೊನೆಗೆ ಬಹುಕಾಲದಿಂದ ಈ ಕತ್ತಿಗಳನ್ನು ಮಸೆಯುತ್ತಿದ್ದ ಪರಿಚಿತರೊಬ್ಬರು ಮಾರ್ಕರ್ ಪೆನ್ನಿನಿಂದ ಬಾಯಿಯುದ್ದಕ್ಕೂ ಮಸಿ ಬಳಿದು, ಕಲ್ಲಿನ ಮೇಲೆ ಒಂದೇ ಸಲ ಹಗುರವಾಗಿ ಎಳೆದು ಭೂತಗನ್ನಡಿಯಲ್ಲಿ ತೋರಿಸಿದರು. ಕಲ್ಲು ತಾಗಿದಲ್ಲಿ ಮಸಿ ಹೋಗಿತ್ತು. ತುದಿಯಲ್ಲಿಯೂ ಬುಡದಲ್ಲಿಯೂ ಬಾಯಿಯ ಕಟ್ಟಕಡೆಯ ಅಂಚಿನಲ್ಲಿ ಮಸಿ ಹಾಗೆಯೇ ಇತ್ತು. ಎರಡು ವಾರ ನಾನು ಮಸೆದದ್ದು ಬಾಯಿಯನ್ನಲ್ಲ ಎಂಬುದು ಅರೆನಿಮಿಷದಲ್ಲಿ ತಿಳಿಯಿತು. ಈ ಪರೀಕ್ಷೆಯನ್ನು ಮೊದಲ ದಿನವೇ ಮಾಡಿದ್ದರೆ ಎಲ್ಲವೂ ಉಳಿಯುತ್ತಿತ್ತು.

ಒಂದೇ ಕಲ್ಲು ಕೊಳ್ಳಬಹುದೇ ಎಂದರೆ, ಕೊಳ್ಳಬಹುದು, ಆದರೆ ಅದಕ್ಕೆ ಮೊದಲು ಕತ್ತಿಯ ಸ್ಥಿತಿಯನ್ನು ನೋಡಬೇಕು. ಈಗಾಗಲೇ ಚೆನ್ನಾಗಿ ಕ್ಷೌರ ಮಾಡುತ್ತಿರುವ ಕತ್ತಿಗೆ ನಯವಾದ ಕೊನೆಗಲ್ಲೊಂದು, ಅಂದರೆ ಮಸೆಯುವ ಕೆಲಸದ ಕೊನೆಯ ಹಂತಕ್ಕೆ ಬಳಸುವ ಕಲ್ಲು, ನಿಜವಾಗಿಯೂ ಸಾಕು. ಪ್ರತಿ ಕ್ಷೌರಕ್ಕೂ ಮುನ್ನ ಚರ್ಮದ ಪಟ್ಟಿಯ ಮೇಲೆ, ಬೆನ್ನು ಮುಂದಾಗಿ, ತೀಡುತ್ತಿದ್ದರೆ ಆ ಕಲ್ಲೂ ಅಪರೂಪಕ್ಕಷ್ಟೇ ಬೇಕಾಗುತ್ತದೆ. ಮೊಂಡಾದ ಕತ್ತಿಯಾದರೆ, ತಿಳಿದವರಿಂದ ಒಮ್ಮೆ ಬಾಯಿ ಕಟ್ಟಿಸಿಕೊಂಡು, ಅಂದರೆ ಎರಡು ಇಳಿಜಾರು ಮುಖಗಳು ಒಂದು ಗೆರೆಯಲ್ಲಿ ಕೂಡುವಂತೆ ಮಸೆಸಿಕೊಂಡು, ಆಮೇಲೆ ಅದೇ ಕೊನೆಗಲ್ಲನ್ನು ಕೊಳ್ಳುವುದು ಮೇಲು. 4000 ಮತ್ತು 8000 ಗ್ರಿಟ್ಟಿನ ಎರಡು ಮುಖಗಳಿರುವ ಕಲ್ಲು ಹರಿತ ಕಡಿಮೆಯಾದ ಕತ್ತಿಗೆ ಚೆನ್ನಾಗಿ ಒದಗುತ್ತದೆ, ಪೂರ್ತಿ ಮೊಂಡಾದದ್ದಕ್ಕೆ ಅದರ ಒರಟು ಮುಖವೂ ನಿಧಾನವೇ. ಬೆಲ್ಜಿಯಂನ ಆರ್ಡೆನ್ ಪ್ರದೇಶದ ಹಳದಿ ಕೋಟಿಕ್ಯುಲ್ ಎಂಬ ನೈಸರ್ಗಿಕ ಸಾಣೆಕಲ್ಲು ಒಂದೇ ಕಲ್ಲಿನ ಆಸೆಗೆ ಎಲ್ಲಕ್ಕಿಂತ ಹತ್ತಿರ ಬರುತ್ತದೆ: ಅದರೊಳಗಿನ ಗಾರ್ನೆಟ್ ಎಂಬ ಗಡುಸು ಖನಿಜದ ಕಣಗಳು ಕಲ್ಲನ್ನು ಉಜ್ಜಿ ಎಬ್ಬಿಸಿದ ಕೆಸರಿನಲ್ಲಿ ಬೇಗ ಕೊರೆಯುತ್ತವೆ, ನೀರು ಬೆರೆಸುತ್ತ ಕೆಸರನ್ನು ತೆಳುಮಾಡಿದಂತೆ ಕೆಲಸ ನಯವಾಗುತ್ತ ಹೋಗುತ್ತದೆ. ಆದರೆ ಒಂದು ಕೋಟಿಕ್ಯುಲ್ಲಿನಂತೆ ಇನ್ನೊಂದು ಇರುವುದಿಲ್ಲ; ಆ ಹದ ಕೈಗೆ ಹತ್ತಲು ತಿಂಗಳುಗಳ ಅಭ್ಯಾಸ ಬೇಕು, ಮೊದಲ ಕತ್ತಿಯಲ್ಲೇ ಅದನ್ನು ಕಲಿಯಲು ಹೊರಡುವುದನ್ನು ನಾನು ಒಪ್ಪುವುದಿಲ್ಲ.

ಪರಿಚಿತರು ನನ್ನ ಕತ್ತಿಗೆ ಹೊಸದಾಗಿ ಬಾಯಿ ಕಟ್ಟಿಕೊಟ್ಟಿದ್ದಾರೆ, ಈಗ ಅದು ಕ್ಷೌರ ಮಾಡುತ್ತದೆ. ಬೆನ್ನು ಓರೆಯಾಗಿ ಸವೆದಿರುವುದರಿಂದ ಬಾಯಿಯ ಇಳಿಜಾರು ಮುಖ ತುದಿಯಲ್ಲಿ ಅಗಲವಾಗಿಯೂ ಬುಡದಲ್ಲಿ ಕಿರಿದಾಗಿಯೂ ಕಾಣುತ್ತದೆ, ಮತ್ತು ಇನ್ನಷ್ಟು ಸವೆಯದಿರಲೆಂದು ಪ್ರತಿ ಸಲವೂ ಬೆನ್ನಿಗೆ ವಿದ್ಯುತ್ ಕೆಲಸದ ಟೇಪ್ ಅಂಟಿಸಿಕೊಂಡೇ ಕಲ್ಲಿನ ಮೇಲೆ ಇಡುತ್ತಿದ್ದೇನೆ.